ಬಲಮನೆಯ ಮಡಕೆ

ಒಬ್ಬ ಮನುಷ್ಯನನ್ನು ಒಂದು ದಿನ ಉಳಿಸಿಕೊಳ್ಳಲು ನಮ್ಮೂರಲ್ಲಿ ಬೇಕಾಗುವುದು ಇಷ್ಟು: ಮೂರು ಬೆರಳಗಲದ ತೊಗಟೆ, ಒಂದು ಹಿಡಿ ಸೊಪ್ಪು, ನಾಲ್ಕು ಸೀಳು ಸೌದೆ, ಕುದಿದು ಕುದಿದು ಒಂದು ಬಟ್ಟಲಿಗೆ ಇಳಿಯುವ ಆರು ಬಟ್ಟಲು ನೀರು, ಮತ್ತು ಒಬ್ಬ ಹೆಂಗಸಿನ ಬೆಳಗಿನ ಜಾವದ ನಿದ್ದೆ. ಐದು ಜನ ಇದ್ದರೆ ಇದನ್ನೆಲ್ಲ ಐದು ಪಟ್ಟು ಮಾಡಿಕೊಳ್ಳಬೇಕು, ನಿದ್ದೆಯೊಂದನ್ನು ಬಿಟ್ಟು. ಒಬ್ಬರಿಗೆ ಕಾಯಿಸಿದರೂ ನಿದ್ದೆ ಅಷ್ಟೇ ಹೋಗುತ್ತದೆ, ಹತ್ತು ಜನಕ್ಕೆ ಕಾಯಿಸಿದರೂ ಅಷ್ಟೇ.

ಇದು ಕಷಾಯದ ಲೆಕ್ಕ. ಕಪ್ಪು ಎಂಬ ವಿಷಕ್ಕೆ ಲೆಕ್ಕವಿಲ್ಲ. ಹುಟ್ಟಿದ ಮೂರನೆಯ ದಿನ ಸೂಲಗಿತ್ತಿ ಬೆರಳ ತುದಿಯಿಂದ ಮಗುವಿನ ನಾಲಿಗೆಗೆ ಒಂದು ಸಲ ಕಪ್ಪು ಮುಟ್ಟಿಸಿದರೆ ಆಯಿತು, ಸತ್ತು ಗುಂಡಿಗೆ ಹೋಗುವವರೆಗೂ ಅದು ಮೈಯಲ್ಲಿ ಇರುತ್ತದೆ. ಅದನ್ನು ಅಡಗಿಸಿಡುವ ಕಷಾಯ ಹಾಗಲ್ಲ. ಇವತ್ತು ಕುಡಿದದ್ದು ನಾಳೆ ಬೆಳಗಾಗುವುದರೊಳಗೆ ಮೈಯಿಂದ ಹೋಗಿರುತ್ತದೆ. ಮಡಕೆಯಲ್ಲಿ ಉಳಿದದ್ದನ್ನು ಮಧ್ಯಾಹ್ನ ನಾಯಿಯೂ ಮೂಸುವುದಿಲ್ಲ. ದಿನಾ ಕಾಯಿಸಬೇಕು, ದಿನಾ ಕುಡಿಯಬೇಕು. ಒಂದು ಬೆಳಿಗ್ಗೆ ತಪ್ಪಿದರೆ ಮಧ್ಯಾಹ್ನಕ್ಕೆ ತುಟಿ ನೀಲಿಯಾಗುತ್ತದೆ, ಇಳಿಹೊತ್ತಿಗೆ ಬೆರಳು ಮಡಚಲು ಬರುವುದಿಲ್ಲ, ದೀಪ ಹಚ್ಚುವ ಹೊತ್ತಿಗೆ ಮನುಷ್ಯ ಕಲ್ಲಾಗಿರುತ್ತಾನೆ. ಅದಕ್ಕೇ ನಮ್ಮವರು ಒಂದು ಹಗಲಿನ ದಾರಿಗಿಂತ ದೂರ ಹೋಗುವುದಿಲ್ಲ. ಹೋದ ಮೂವರು ತಿಂಗಳಾದ ಮೇಲೆ ಗುಡ್ಡದಾಚೆ ಕುರಿಯವರ ಕಣ್ಣಿಗೆ ಬಿದ್ದರು, ಒಣಮೀನಿನ ಹಾಗೆ. ಇದನ್ನು ಕೇಳಿದ ಪರಸ್ಥಳದವರು ಅಯ್ಯೋ ಪಾಪ ಎನ್ನುತ್ತಾರೆ. ನಮಗೆ ಹಾಗೇನೂ ಅನಿಸುವುದಿಲ್ಲ. ಅನ್ನವನ್ನೂ ದಿನಾ ಬೇಯಿಸಲೇಬೇಕಲ್ಲ.

ಒಂದು ಕಟ್ಟು ಮಾತ್ರ ಉಂಟು. ತನ್ನ ಮನೆಯ ಕಷಾಯವನ್ನು ತಾನು ಕಾಯಿಸಬಾರದು. ನಮ್ಮೂರಿನ ಮನೆಗಳು ಗೋಡೆಗೆ ಗೋಡೆ ಹತ್ತಿಕೊಂಡು ಬಳೆಯ ಹಾಗೆ ಸುತ್ತಲೂ ನಿಂತಿವೆ. ಪ್ರತಿ ಮನೆಯವಳೂ ತನ್ನ ಎಡಮನೆಗೆ ಕಾಯಿಸುತ್ತಾಳೆ. ತನ್ನ ಮನೆಯದು ಬಲಮನೆಯಿಂದ ಬರುತ್ತದೆ. ಬೆಳಗಿನ ಬೆಳ್ಳಿ ಮೂಡುವಾಗ ಹಿತ್ತಿಲ ಗೋಡೆಯ ಮೇಲೆ ಸುತ್ತಲೂ ಮಡಕೆ ಇಡುವ ಸದ್ದು ಕೇಳಿಸುತ್ತದೆ. ತೊಗಟೆ ಮರಗಳ ತೋಪಿನ ಕಾವಲಿನವನು ವಾರಕ್ಕೊಮ್ಮೆ ಎಡಮನೆಯ ತಲೆ ಎಣಿಸಿ ತೊಗಟೆ ಅಳೆದು ಕೊಡುತ್ತಾನೆ. ಒಂದು ಚೂರು ಹೆಚ್ಚಿಲ್ಲ, ಒಂದು ಚೂರು ಕಡಿಮೆಯಿಲ್ಲ.

ನನಗೆ ಬಲಮನೆ ಎಂದರೆ ಸಂಕಮ್ಮಕ್ಕ. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಗಂಡ ಇಲ್ಲ, ಸಂಡಿಗೆ ಮಾಡಿ ಮಾರುತ್ತಾಳೆ. ನಮ್ಮದು ಸುಣ್ಣದ ಕಲ್ಲು ಸುಡುವ ಗೂಡು. ನಮ್ಮ ಗೂಡು ಹೊತ್ತಿದ ದಿನವೇ ಅವಳ ಸಂಡಿಗೆ ಬಿಸಿಲಿಗೆ ಬರುತ್ತದೆ. ಅದು ಹೇಗೋ, ಮೂವತ್ತು ವರ್ಷವಾದರೂ ನನಗೆ ತಿಳಿದಿಲ್ಲ.

"ತಗಳೇ ಸುಣ್ಣದೋಳೆ," ಎಂದು ಮಡಕೆ ಇಡುತ್ತಿದ್ದಳು. "ನಿನ್ನ ಗೂಡಿನ ಬೂದಿ ನನ್ನ ಸಂಡಿಗೆ ಮ್ಯಾಲೆ, ನನ್ನ ಕಷಾಯ ನಿನ್ನ ಹೊಟ್ಟೆ ಒಳಗೆ. ಯಾರಿಗೆ ಲಾಭ ನೀನೇ ಹೇಳು."

"ಕಷಾಯಕ್ಕೆ ನಿನ್ನ ನಾಲಿಗೆ ಅದ್ದಬ್ಯಾಡ ಸಂಕಮ್ಮಕ್ಕ. ಮೊದಲೇ ಕಹಿ."

"ನನ್ನ ನಾಲಿಗೆ ಅದ್ದಿದ್ರೆ ಸಿಹಿಯಾಗಿರೋದು. ಬಾಯಿ ಮುಚ್ಕಂಡು ಕುಡಿ."

ಒಂದು ದಿನವೂ ಮಡಕೆ ತಪ್ಪಲಿಲ್ಲ, ಬೈಗುಳವೂ ತಪ್ಪಲಿಲ್ಲ. ನನ್ನ ಮಗಳು ಹೊನ್ನಿ ನಮ್ಮಿಬ್ಬರನ್ನೂ ನೋಡಿ ನಗುತ್ತಿದ್ದಳು. ಹದಿನೆಂಟು ವರ್ಷದವಳು. ಗೂಡಿಗೆ ಕಲ್ಲು ಪೇರಿಸುವುದರಲ್ಲಿ ಅವಳ ಅಣ್ಣ ಗವಿಯನಿಗಿಂತ ಅವಳ ಕೈ ಸರಿ. ಗೂಡು ಹೊತ್ತಿಸಿದ ದಿನ ನನಗೆ ಹೇಳದೆ ಗೋಡೆ ಹಾರಿ ಹೋಗಿ ಸಂಕಮ್ಮಕ್ಕನ ಸಂಡಿಗೆಗೆ ಬಟ್ಟೆ ಮುಚ್ಚಿ ಬರುತ್ತಿದ್ದಳು. ಬರುವಾಗ ಬಾಯಲ್ಲಿ ಕರಿದ ಸಂಡಿಗೆ ಇರುತ್ತಿತ್ತು. "ಲಂಚ ತಿಂದ್ಯಾ?" ಎಂದರೆ, "ಕೂಲಿ ಕಣವ್ವ, ನಿನ್ನ ಬೂದಿ ತಡೆದಿದ್ದಕ್ಕೆ ಇಸ್ಕಂಡು ಬಂದೆ" ಎನ್ನುತ್ತಿದ್ದಳು.

ಕಷಾಯದ ಹದ ನನಗೆ ಕಲಿಸಿದವರು ನಮ್ಮತ್ತೆ. ಮದುವೆಯಾಗಿ ಬಂದ ಮೊದಲ ತಿಂಗಳೇ ತೊಗಟೆ ಜಜ್ಜುವುದು, ಸೊಪ್ಪು ಯಾವಾಗ ಹಾಕುವುದು, ಯಾವ ಬಣ್ಣಕ್ಕೆ ಇಳಿಸುವುದು, ಎಲ್ಲ ತೋರಿಸಿಕೊಟ್ಟರು. "ಇನ್ನೊಂದು ಮಾತದೆ, ಅದನ್ನ ನೀನು ಹೆತ್ತ ಮ್ಯಾಲೆ ಹೇಳ್ತೀನಿ" ಎಂದಿದ್ದರು. ಜೊತೆಗೆ ಒಂದು ಬುದ್ಧಿ: "ಬಲಮನೆಯೋಳ ಜೊತೆ ಒಂದು ಸಣ್ಣ ಜಗಳ ಇಟ್ಕಂಡಿರು. ದೊಡ್ಡದು ಬ್ಯಾಡ. ಸಣ್ಣದು, ಆರದಂಗೆ." ನಾನು ಮುದುಕಿಯ ಸ್ವಭಾವ ಎಂದುಕೊಂಡೆ. ಮರುವರ್ಷ ಗೂಡಿನ ಬಾಯಿ ಕುಸಿದು ಅವರು ಹೋದರು. ಗವಿಯ ಆಗ ನನ್ನ ಹೊಟ್ಟೆಯಲ್ಲಿ ಐದು ತಿಂಗಳು. ಆ ಇನ್ನೊಂದು ಮಾತು ಅವರ ಜೊತೆಗೇ ಕಲ್ಲಿನಡಿ ಹೋಯಿತು. ನಾನೂ ಮರೆತೆ. ಕಷಾಯ ಇಳಿಸಲು ಬರುತ್ತಿತ್ತು, ಎಡಮನೆಯವರು ಆರೋಗ್ಯವಾಗಿದ್ದರು, ಇನ್ನೇನು ಕಲಿಯುವುದು ಎಂದುಕೊಂಡಿದ್ದೆ.

ಹೊನ್ನಿಗೆ ಹದಿನೆಂಟಾದ ವರ್ಷ ಉಪ್ಪು ಹೊತ್ತು ಬರುವ ಕತ್ತೆಗಳ ಜೊತೆ ಕೆಂಗಣ್ಣು ಜ್ವರ ಬಂತು. ನನ್ನ ಗಂಡ ಬೆಟ್ಟಯ್ಯ ಉಪ್ಪು ಕೊಟ್ಟು ಸುಣ್ಣ ಒಯ್ಯುವವರ ಜೊತೆ ಎರಡು ದಿನ ಹೇರು ಕಟ್ಟಿದ. ಮೂರನೆಯ ದಿನ ಕಣ್ಣು ಕೆಂಡದ ಹಾಗಾಯಿತು, ಮೈ ಹಂಚಿನ ಹಾಗೆ ಸುಡತೊಡಗಿತು. ಮರುದಿನ ಗವಿಯ ಮಲಗಿದ, ಅದರ ಮರುದಿನ ಅವನ ಹೆಂಡತಿ ಸಾಕವ್ವ, ಅವತ್ತೇ ಸಂಜೆ ಹೊನ್ನಿ. ನನಗೆ ಬರಲಿಲ್ಲ. ಯಾಕೆ ಬರಲಿಲ್ಲವೋ ಇವತ್ತಿಗೂ ಗೊತ್ತಿಲ್ಲ.

ಮರುದಿನ ಮಧ್ಯಾಹ್ನ ಹಿತ್ತಿಲಲ್ಲಿ ಬಟ್ಟೆ ಅದ್ದುತ್ತಿದ್ದಾಗ ಗೋಡೆಯ ಮೇಲೆ ಸಂಕಮ್ಮಕ್ಕನ ತಲೆ ಕಂಡಿತು.

"ಯಾರ್ಯಾರಿಗೆ ಬಂದದೆ?"

ಹೇಳಿದೆ.

"ಕಣ್ಣು ಕೆಂಪಾ?"

"ಕೆಂಡ."

"ಹೊನ್ನಿಗೂವೆ?"

"ನೆನ್ನೆಯಿಂದ ಅವಳಿಗೂ."

ಅವಳು ಬೂದಿ ಎನ್ನಲಿಲ್ಲ, ಸಂಡಿಗೆ ಎನ್ನಲಿಲ್ಲ. ತಲೆ ಗೋಡೆಯ ಹಿಂದೆ ಇಳಿದುಹೋಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಬೈಯದೆ ಹೋದಳಲ್ಲ ಎಂದು ಒಂದು ಗಳಿಗೆ ಅನಿಸಿತು. ಬಟ್ಟೆ ಹಿಂಡಿಕೊಂಡು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಗೋಡೆಯ ಮೇಲೆ ನಮ್ಮ ಮಡಕೆ ಇತ್ತು. ಬೋರಲಾಗಿತ್ತು.

ಗಾಳಿಗೆ ಬಿದ್ದಿರಬೇಕು ಎಂದುಕೊಂಡೆ. ಎತ್ತಿ ನೋಡಿದೆ. ಒಣಗಿತ್ತು. ತೊಳೆದು, ಒರೆಸಿ, ಬಾಯಿ ಕೆಳಗೆ ಮಾಡಿ, ಅಲುಗಾಡದ ಹಾಗೆ ನಾಲ್ಕು ಕಲ್ಲು ಆನಿಸಿ ಇಟ್ಟಿದ್ದಳು. ಮರೆತವಳು ಹಾಗೆ ಇಡುವುದಿಲ್ಲ. ಐದು ಜನರ ಉಸಿರನ್ನು ಆ ಹೆಂಗಸು ಬೋರಲು ಹಾಕಿದ್ದಳು. ನಮ್ಮೂರಲ್ಲಿ ಕಳ್ಳತನಕ್ಕೆ ಹೆಸರಿದೆ, ಹಾದರಕ್ಕೆ ಹೆಸರಿದೆ. ಇದಕ್ಕೆ ಹೆಸರೇ ಇಲ್ಲ, ಯಾಕೆಂದರೆ ಯಾರೂ ಮಾಡಿರಲಿಲ್ಲ.

ಓಡಿಹೋಗಿ ಅವಳ ಬಾಗಿಲು ಬಡಿದೆ. ಎರಡೂ ಕೈಯಿಂದ ಬಡಿದೆ.

"ಬೂದಿಗಾ? ಸಂಡಿಗೆ ಮ್ಯಾಲಿನ ಬೂದಿಗಾ ಸಂಕಮ್ಮಕ್ಕ? ಗೂಡು ಕೆಡವಿಬಿಡ್ತೀನಿ. ಇವತ್ತೇ ಕೆಡವ್ತೀನಿ. ಮಡಕೆ ಕೊಡು!"

"ಹೋಗು ದ್ಯಾವೀರಿ," ಎಂದಳು ಒಳಗಿನಿಂದ. ದನಿ ಹೇಗೋ ಇತ್ತು. ನಗುತ್ತಿದ್ದಾಳೆ ಎಂದುಕೊಂಡೆ. "ಬಾಗಿಲು ಬಡೀಬ್ಯಾಡ. ನನ್ನ ಕೈಲಿ ಆಗದಿಲ್ಲ. ಹೋಗು."

"ನಿನ್ನ ವಂಶ ನಿರ್ವಂಶ ಆಗ!"

"ಅದು ಆಗಲೇ ಆಗೋಗದೆ," ಎಂದಳು. ಹೆತ್ತ ಒಂದು ಮಗುವೂ ಉಳಿಯದವಳು. ಬಾಗಿಲು ತೆರೆಯಲಿಲ್ಲ.

ಅಲ್ಲಿಂದ ಊರ ಯಜಮಾನ ಹುಚ್ಚಯ್ಯನವರ ಜಗುಲಿಗೆ ಹೋದೆ. ಜ್ವರದ ಮನೆಯವಳು ಎಂದು ದೂರವೇ ನಿಲ್ಲಿಸಿದರು. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು ನನ್ನ ಮಾತು ಕೇಳಿ ಕೈ ಇಳಿಸಿದರು.

"ಬೋರಲಾ? ಸರಿಯಾಗಿ ನೋಡ್ದಾ?"

"ನನಗೇನು ಕಣ್ಣಿಲ್ವಾ ಯಜಮಾನ್ರೆ?"

"ನಾನು ಹುಡುಗ ಇದ್ದಾಗ ಒಂದು ಸಲ ನಮ್ಮ ಮನೆ ಗೋಡೆ ಮ್ಯಾಲೂ..." ಎಂದು ನಿಲ್ಲಿಸಿದರು. ಹಣೆ ತಿಕ್ಕಿಕೊಂಡರು. "ನನಗೆ ಸರಿಯಾಗಿ ನೆಪ್ಪಿಲ್ಲ ತಾಯಿ. ಅದು ಹೆಂಗಸ್ರ ಗೋಡೆ ವಿಚಾರ, ಗಂಡಸು ಬಾಯಿ ಹಾಕಂಗಿಲ್ಲ. ನೀನು ಮನೆಗೋಗು. ಯಾರೂ ಹೊರಕ್ಕೆ ಬರಬ್ಯಾಡಿ."

ಇವರೂ ಅವಳ ಕಡೆಗೆ ಎಂದುಕೊಂಡು ತಿರುಗಿದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ನನ್ನ ಒಲೆಯ ಮೇಲೆ ಎಡಮನೆಯ ಮಡಕೆ ಇದೆ.

ಎಡಮನೆಯಲ್ಲಿ ಚಿಕ್ಕತಾಯಿ, ಅವಳ ಗಂಡ, ಅತ್ತೆ ಮಾವ, ಇಬ್ಬರು ಮಕ್ಕಳು, ಒಟ್ಟು ಆರು ಜನ. ಆರು ಬಟ್ಟಲು ಕಷಾಯ. ನಾನು ಸುಣ್ಣ ಅಳೆದು ಬದುಕಿದವಳು, ಎಷ್ಟು ನೀರು ಬೆರೆಸಿದರೆ ಎಷ್ಟು ಸತ್ವ ಉಳಿಯುತ್ತದೆ ಎಂದು ನೋಡಿದರೆ ಗೊತ್ತಾಗುತ್ತದೆ. ಎರಡು ಬಟ್ಟಲು ತೆಗೆದು ಅಷ್ಟೇ ನೀರು ಹಾಕಿದರೆ ಆರು ಜನ ಹೇಗೋ ನಿಲ್ಲುತ್ತಾರೆ. ಮೂರು ತೆಗೆದರೆ ಅವರ ಪುಟ್ಟ ಹುಡುಗಿ ನಿಲ್ಲುವುದಿಲ್ಲ. ಹಾಗಾಗಿ ಎರಡು. ಒಂದು ನನಗೆ, ಯಾಕೆಂದರೆ ಮನೆಯಲ್ಲಿ ಒಬ್ಬರಾದರೂ ನಿಂತಿರಬೇಕು. ಇನ್ನೊಂದು ಯಾರಿಗೆ?

ಬಟ್ಟಲು ಹಿಡಿದು ನಡುಮನೆಯಲ್ಲಿ ನಿಂತೆ. ನಾಲ್ಕು ಚಾಪೆ. ಗಂಡ ಕಣ್ಣು ತೆರೆದು ನನ್ನ ಮುಖ ನೋಡಿದ, ಬಟ್ಟಲು ನೋಡಿದ. ಅವನಿಗೆ ಏನೂ ಹೇಳಬೇಕಾಗಲಿಲ್ಲ.

"ಹೊನ್ನಿಗೆ ಕೊಡು," ಎಂದ.

ಸಾಕವ್ವ ಗೋಡೆಯ ಕಡೆ ತಿರುಗಿಕೊಂಡಳು. ಅವಳೂ ಒಬ್ಬ ತಾಯಿಯ ಮಗಳೇ. ಆ ಬೆನ್ನನ್ನು ನಾನು ಇನ್ನೂ ಮರೆತಿಲ್ಲ. ಗವಿಯ ಜ್ವರದಲ್ಲಿ ಏನೋ ಗೊಣಗುತ್ತಿದ್ದ, ಅವನಿಗೆ ಏನೂ ತಿಳಿಯಲಿಲ್ಲ. ನಾನು ಹೊನ್ನಿಯ ತಲೆ ಎತ್ತಿ ಹಿಡಿದು ಕುಡಿಸಿದೆ.

ಮಧ್ಯಾಹ್ನಕ್ಕೆ ಮೂವರ ತುಟಿ ನೀಲಿಯಾಯಿತು. ಇಳಿಹೊತ್ತಿಗೆ ಬೆಟ್ಟಯ್ಯನ ಬೆರಳು ನನ್ನ ಕೈಯಲ್ಲಿ ಸೆಟೆದುಕೊಂಡಿತು. ಸಾಯಂಕಾಲ ಮೂವರೂ ಕಲ್ಲು. ಮೂಗಿನ ಕೆಳಗೆ ಹತ್ತಿ ಹಿಡಿದು ನೋಡಿದೆ, ಅಲುಗಲಿಲ್ಲ. ಎದೆಗೆ ಕಿವಿ ಇಟ್ಟೆ, ಸದ್ದಿಲ್ಲ. ಮೈ ಮಾತ್ರ ಬಾವಿಯ ಕಟ್ಟೆಯ ಹಾಗೆ ತಣ್ಣಗಿತ್ತು. ಮೂವರಿಗೂ ಬಟ್ಟೆ ಹೊದಿಸಿದೆ. ಜ್ವರದ ಮನೆಗೆ ಯಾರೂ ಬರುವುದಿಲ್ಲ, ಹೊನ್ನಿಯನ್ನು ಬಿಟ್ಟು ನಾನು ಗುಂಡಿ ತೋಡಲು ಹೋಗುವ ಹಾಗಿಲ್ಲ. ಅವರು ಹಾಗೇ ಮಲಗಿದ್ದರು. ಮರುದಿನ, ಅದರ ಮರುದಿನ, ಒಂದು ನೊಣ ಕೂರಲಿಲ್ಲ, ವಾಸನೆ ಬರಲಿಲ್ಲ. ಅದನ್ನು ಕಣ್ಣು ನೋಡಿತು. ತಲೆಗೆ ಹೋಗಲಿಲ್ಲ. ನನ್ನ ತಲೆ ತುಂಬ ಹೊನ್ನಿ ಇದ್ದಳು.

ಹೊನ್ನಿಯ ಮೈಯಲ್ಲಿ ಜ್ವರ ಗೂಡಿನ ಬೆಂಕಿಯ ಹಾಗೆ ಏರುತ್ತಲೇ ಇತ್ತು. ಬಟ್ಟೆ ಅದ್ದಿ ಹಾಕಿದರೆ ಆವಿ ಬರುತ್ತಿತ್ತು. ಎರಡನೆಯ ಬೆಳಿಗ್ಗೆ ಮತ್ತೆ ಎರಡು ಬಟ್ಟಲು ಕದ್ದೆ. ಎಡಮನೆಯ ಗೋಡೆಯ ಮೇಲೆ ಮಡಕೆ ಇಟ್ಟಾಗ ಚಿಕ್ಕತಾಯಿ ಮೂತಿ ತಿರುವಿದಳು.

"ಅಕ್ಕಾ, ನೆನ್ನೆಯಿಂದ ನೀರು ನೀರಾಗೋಗದೆ. ನಮ್ಮ ಮಾವ ಎದ್ದು ಕೂರಕ್ಕೂ ಆಗದೆ ಬೈತಾವ್ರೆ."

"ಸೌದೆ ಹಸಿ," ಎಂದೆ.

ಮೂರನೆಯ ದಿನ ಹೊನ್ನಿಗೆ ಸ್ವಲ್ಪ ತಿಳಿವು ಬಂತು. ಹೊರಳಿ, ಕೈ ಚಾಚಿ, ಪಕ್ಕದ ಚಾಪೆಯಲ್ಲಿದ್ದ ಅಪ್ಪನ ತೋಳು ಮುಟ್ಟಿದಳು. ಹಾಗೇ ತನ್ನ ಕೆನ್ನೆಯನ್ನು ಆ ತೋಳಿಗೆ ಒತ್ತಿಕೊಂಡಳು. ಅಪ್ಪ ಸತ್ತದ್ದು ಗೊತ್ತಾಗಿ ಅಳುತ್ತಾಳೆ ಎಂದು ಹೆದರಿದೆ. ಅವಳು ಅಳಲಿಲ್ಲ.

"ಅಪ್ಪ ಎಷ್ಟು ತಣ್ಣಗವ್ನೆ ಕಣವ್ವ. ನಾನೂ ಹಿಂಗೇ ತಣ್ಣಗಾಗ್ಬೇಕು."

"ಅಂಥ ಮಾತಾಡಬ್ಯಾಡ. ಕುಡಿ."

"ಬ್ಯಾಡ ಕಣವ್ವ. ಕುಡಿದ್ರೆ ಉರಿ ಜಾಸ್ತಿ ಆಯ್ತದೆ."

"ಕುಡಿ ಅಂದ್ರೆ ಕುಡಿ."

ಬಾಯಿ ಬಿಗಿಹಿಡಿದಳು. ನಾನು ಮೂಗು ಹಿಡಿದೆ. ಚಿಕ್ಕವಳಿದ್ದಾಗ ಹರಳೆಣ್ಣೆ ಕುಡಿಸುವಾಗ ಹಾಗೇ ಮಾಡುತ್ತಿದ್ದೆ. ಬಾಯಿ ತೆರೆದಾಗ ಹುಯ್ದೆ. ಒಂದು ಹನಿ ಚೆಲ್ಲದ ಹಾಗೆ ಹುಯ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಅವಳು ಹೋದಳು. ಕೊನೆಯವರೆಗೂ ಬಿಸಿಯಾಗಿದ್ದಳು, ಹೋದ ಮೇಲೂ ಬಹಳ ಹೊತ್ತು.

ಆಗ ನಾನು ಕೂಗಿದ್ದು ಊರಿಗೆಲ್ಲ ಕೇಳಿಸಿತಂತೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ನಮ್ಮ ದಾಯಾದಿಗಳು ಆರು ಜನ ಬಂದರು, ಹಾರೆ ಗುದ್ದಲಿ ಹಿಡಿದು. ನಾಲ್ಕು ಹೆಣ, ನಾಲ್ಕು ಗುಂಡಿ. ಬಿದಿರು ಕಟ್ಟಿ ಮೊದಲು ಬೆಟ್ಟಯ್ಯನನ್ನು ಎತ್ತಲು ಬಗ್ಗಿದರು. ಆಗ ಹಿತ್ತಿಲ ಬಾಗಿಲಿನಿಂದ ಸಂಕಮ್ಮಕ್ಕ ಬಂದಳು. ಗೋಡೆ ಹಾರಿದ್ದಳು. ಅರವತ್ತು ದಾಟಿದವಳ ಮೊಣಕಾಲು ತರಚಿ ರಕ್ತ ಬರುತ್ತಿತ್ತು.

"ಮುಟ್ಟಬ್ಯಾಡ್ರೋ! ಯಾರೂ ಮುಟ್ಟಬ್ಯಾಡಿ! ಇನ್ನೂ ನಾಲ್ಕೇ ದಿನ. ಏಳು ಆಗಬೇಕು. ಬದುಕಿರೋರನ್ನ ಹೂಳ್ತೀರಾ?"

ನಾನು ಅವಳ ಕುತ್ತಿಗೆಗೆ ಕೈ ಹಾಕಿದೆ. ಇಬ್ಬರು ಹಿಡಿದು ಬಿಡಿಸಿದರು. ಅವಳು ನನ್ನನ್ನು ನೋಡಲೇ ಇಲ್ಲ. ಬೆಟ್ಟಯ್ಯನ ಹೊದಿಕೆ ಸರಿಸಿ, ಅವನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು. "ಕೆಂಪು ಇಳಿದದೆ," ಎಂದಳು. ಗವಿಯನದು ನೋಡಿದಳು. ಸಾಕವ್ವನದು ನೋಡಿದಳು. "ಇಳಿದದೆ. ಇಳೀತಾ ಅದೆ." ಆಮೇಲೆ ಹೊನ್ನಿಯ ಚಾಪೆಗೆ ಬಂದಳು. ಕೆನ್ನೆ ಮುಟ್ಟಿದಳು. ಕೈ ಹಿಂದಕ್ಕೆ ಎಳೆದುಕೊಂಡಳು.

"ಇವಳು ಯಾಕೆ ತಣ್ಣಗಿಲ್ಲ?"

ಅವಳ ಕಣ್ಣು ಚಾಪೆಯ ಪಕ್ಕದಲ್ಲಿದ್ದ ಬಟ್ಟಲಿನ ಮೇಲೆ ಬಿತ್ತು. ಎತ್ತಿ ಮೂಸಿದಳು.

"ಕುಡಿಸ್ದಾ?"

"ಕುಡಿಸ್ದೆ. ನೀನು ಕೊಲ್ಲಕ್ಕೆ ಹೊರಟಾಗ ನಾನು ಉಳಿಸ್ಕಳದು ಬ್ಯಾಡ್ವಾ? ನನ್ನ ಮಗಳು!"

ಸಂಕಮ್ಮಕ್ಕ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕುಸಿದು ಕುಳಿತಳು.

"ದ್ಯಾವೀರಿ, ನಿಮ್ಮತ್ತೆ ನಿನಗೆ ಹೇಳ್ಲಿಲ್ವಾ?"

"ಏನು?"

"ಕೆಂಗಣ್ಣು ಬಂದ ಮನೆಗೆ ಮಡಕೆ ಬೋರಲು ಅಂತ. ಕಷಾಯ ನಿಂತ್ರೆ ಕಪ್ಪು ಏಳ್ತದೆ. ಮನುಷ್ಯ ಕಲ್ಲಾಯ್ತಾನೆ. ಜ್ವರಕ್ಕೆ ಸುಡಕ್ಕೆ ಏನೂ ಸಿಗದೆ ಅದೇ ಸಾಯ್ತದೆ. ಏಳನೇ ದಿನ ಬಾಯಿಗೆ ಕಷಾಯ ಬಿಟ್ರೆ ಏಳ್ತಾರೆ. ಒಂಬತ್ತಾದ್ರೆ ಏಳಲ್ಲ. ಹೇಳ್ಲಿಲ್ವಾ? ಹೆತ್ತೋರಿಗೆಲ್ಲ ಹೇಳ್ತಾರಲ್ಲೇ!"

ನನ್ನ ಕಿವಿಯಲ್ಲಿ ಗೂಡು ಉರಿಯುವಾಗ ಬರುವ ಸದ್ದು ಬರುತ್ತಿತ್ತು. ಹೆತ್ತ ಮೇಲೆ ಹೇಳುತ್ತೇನೆ ಎಂದ ಅತ್ತೆಯ ಮುಖ ಕಂಡಿತು, ಕಲ್ಲಿನ ರಾಶಿ ಕಂಡಿತು.

"ನೀನು ಹೇಳಬಹುದಿತ್ತು," ಎಂದೆ. "ಬಾಗಿಲು ಬಡಿದೆನಲ್ಲ. ಅವತ್ತು ಹೇಳಬಹುದಿತ್ತಲ್ಲ ಅಕ್ಕ."

"ಬೋರಲು ಹಾಕಿದೋಳು ಬಾಯಿ ಬಿಡಂಗಿಲ್ಲ ಅಂದಿದ್ರು ನಮ್ಮತ್ತೆ. ಮಾತಿಗೆ ನಿಂತ್ರೆ ಕೈ ಸೋಲ್ತದೆ ಅಂತ. ಬೋರಲು ಮಡಕೆ ಕಂಡ್ರೆ ನಿನಗೆ ತಿಳೀತದೆ ಅಂದ್ಕಂಡೆ. ನೀನು ಬೈದೆ. ತಾಯಿ ಅಂದ ಮ್ಯಾಲೆ ಬೈತಾಳೆ, ಬೈಲಿ ಅಂದ್ಕಂಡೆ. ಒಲೆ ಹೊಗೆ ಕಂಡೆ. ಎಡಮನೆಗೆ ಕಾಯಿಸ್ತಾವಳೆ, ಜ್ವರ ಇಲ್ಲದೋಳು ತಾನೊಂದು ಬಟ್ಟಲು ಕುಡೀತಾವಳೆ, ಅದು ಸರಿ ಅಂದ್ಕಂಡೆ. ಇದನ್ನ ಅಂದ್ಕಳ್ಳಲಿಲ್ಲ." ಹೊನ್ನಿಯ ಕಾಲಿನ ಮೇಲೆ ತಲೆ ಇಟ್ಟಳು. "ನಾನು ನಾಲ್ಕು ದಿನದಿಂದ ಅನ್ನ ಮುಟ್ಟಿಲ್ಲ ಕಣೇ. ಏಳನೇ ದಿನ ಎಬ್ಬಿಸಿ ಸಂಡಿಗೆ ಕರಿದು ಕೊಡಾನ ಅಂತಿದ್ದೆ ಇವಳಿಗೆ."

ಗುಂಡಿ ಒಂದೇ ತೋಡಿದರು.

ಅದಾದ ಮೂರು ದಿನ ನಾವಿಬ್ಬರೂ ಮೂರು ಚಾಪೆಯ ಪಕ್ಕ ಕುಳಿತಿದ್ದೆವು. ಬೈಗುಳವಿಲ್ಲ. ಅವಳ ಮಾತನ್ನು ನಂಬಿದ್ದೆನೋ ಇಲ್ಲವೋ ನನಗೇ ತಿಳಿಯದು. ಸುಟ್ಟ ಸುಣ್ಣದ ಕಲ್ಲು ನಾನು ದಿನಾ ನೋಡಿದ್ದೇ. ಬೆಳ್ಳಗೆ, ತಣ್ಣಗೆ, ಸತ್ತ ಹಾಗೆ ಬಿದ್ದಿರುತ್ತದೆ, ನೀರು ಬಿದ್ದರೆ ಎದ್ದು ಕುದಿಯುತ್ತದೆ. ಕಲ್ಲಿನಲ್ಲಿ ಕಂಡದ್ದು ಮನುಷ್ಯರಲ್ಲಿ ಹೊಳೆಯಲಿಲ್ಲ. ಏಳನೆಯ ಬೆಳಿಗ್ಗೆ ಸಂಕಮ್ಮಕ್ಕ ಬಟ್ಟೆಯ ತುದಿ ಅದ್ದಿ ಬೆಟ್ಟಯ್ಯನ ತುಟಿಗೆ ಹನಿ ಹನಿಯಾಗಿ ಹಿಂಡಿದಳು. ಬಿಸಿಲು ಹೊಸ್ತಿಲು ದಾಟುವ ಹೊತ್ತಿಗೆ ಅವನ ಕಿರುಬೆರಳು ಅಲುಗಿತು. ಕಣ್ಣು ತೆರೆದ. ಬಿಳಿಯ ಕಣ್ಣು. ಜ್ವರ ಇರಲಿಲ್ಲ. ಬಹಳ ಹೊತ್ತು ಸೂರು ನೋಡಿ, ನನ್ನ ಕಡೆ ತಿರುಗಿದ.

"ಹೊನ್ನಿಗೆ ಕುಡಿಸ್ದಾ?"

"ಹೂಂ," ಎಂದೆ. "ಕುಡಿಸ್ದೆ."

"ಒಳ್ಳೇದಾಯ್ತು," ಎಂದು ಕಣ್ಣು ಮುಚ್ಚಿಕೊಂಡ.

ಸಂಕಮ್ಮಕ್ಕ ಬಟ್ಟೆ ಕೆಳಗಿಟ್ಟು ಹಿತ್ತಿಲಿಗೆ ಎದ್ದು ಹೋದಳು. ಗವಿಯ ಎದ್ದ. ಕೊನೆಗೆ ಸಾಕವ್ವ ಎದ್ದಳು. ಎದ್ದವಳು ನನ್ನ ಕೈ ಹಿಡಿದುಕೊಂಡಳು. ನಾನು ಅವಳಿಗೆ ಕೊಡದೇ ಇದ್ದದ್ದು ಅವಳನ್ನು ಉಳಿಸಿತ್ತು. ಆ ಕೈಯನ್ನು ಹಿಡಿಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಹತ್ತು ದಿನ ಕಳೆಯುವುದರೊಳಗೆ ಜ್ವರ ಎಡಮನೆಗೆ ಬಂತು. ಚಿಕ್ಕತಾಯಿಯನ್ನು ಬಿಟ್ಟು ಐವರಿಗೂ. ಅವಳ ಪುಟ್ಟ ಹುಡುಗಿಗೆ ನಾಲ್ಕು ವರ್ಷ. ಗೋಡೆಯ ಮೇಲಿಂದ ಕೇಳಿದೆ, "ಕಣ್ಣು ಕೆಂಪಾ?" ಅವಳು ಹೂಂ ಎಂದಳು. ನಾನು ಒಳಗೆ ಬಂದು ಮಡಕೆ ತೊಳೆದೆ.

ಅತ್ತೆಯಂದಿರ ಕಟ್ಟಿನ ಪ್ರಕಾರ ಬಾಯಿ ಬಿಡಬಾರದಿತ್ತು. ನಾನು ಬಿಟ್ಟೆ, ಚಿಕ್ಕತಾಯಿಗೆ ಎಲ್ಲ ಹೇಳಿದೆ. ಮರೆತ ಮಾತು ಏನು ಮಾಡುತ್ತದೆಂದು ನನಗೆ ಗೊತ್ತಿತ್ತು. ಆದರೆ ಮಾತು ಸಾಲದು ಎಂಬುದೂ ಗೊತ್ತಿತ್ತು. ನನಗೆ ಆವತ್ತು ಯಾರಾದರೂ ಹೇಳಿದ್ದರೂ, ಬಟ್ಟಲು ಕೈಯಲ್ಲಿದ್ದಿದ್ದರೆ, ನಾನು ಮೂಗು ಹಿಡಿದು ಹುಯ್ಯುತ್ತಿದ್ದೆ. ಹಾಗಾಗಿ ಬೆಳಗಾಗುವ ಮೊದಲೇ ಸಾಕವ್ವನನ್ನು ಕರೆದುಕೊಂಡು ಹೋಗಿ ಚಿಕ್ಕತಾಯಿಯ ಮನೆಯಲ್ಲಿದ್ದ ತೊಗಟೆಯನ್ನೆಲ್ಲ ಹೊತ್ತು ತಂದೆ. ಅವಳು ಕಾಯಿಸುವ ಮಡಕೆ, ಒಲೆಯ ಮೂರು ಗುಂಡುಕಲ್ಲು ಎಲ್ಲ ತಂದೆ. ಅವಳು ಕಾಯಿಸಿಕೊಡಬೇಕಾದ ಮುಂದಿನ ಮನೆಗೆ ನಾನೇ ಕಾಯಿಸಿ ಕೊಟ್ಟೆ. ಚಿಕ್ಕತಾಯಿಗೆ ಜ್ವರ ಇಲ್ಲದ್ದರಿಂದ ದಿನಕ್ಕೊಂದು ಬಟ್ಟಲು ಅವಳಿಗೆ.

"ಇಲ್ಲೇ, ನನ್ನ ಮುಂದೆ ಕುಡಿ," ಎಂದೆ.

"ಆಮ್ಯಾಲೆ ಕುಡೀತೀನಿ ಅಕ್ಕ."

"ಈಗ."

ಬಾಯಿ ತುಂಬಿಕೊಂಡು ಒಳಗೆ ಓಡಲು ನೋಡಿದಳು. ಸಾಕವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು.

"ನುಂಗು. ಬಾಯಿ ತೆರೆದು ತೋರಿಸು. ನಾಲಿಗೆ ಎತ್ತು."

ನುಂಗಿದಳು. ನುಂಗಿ, ಬಾಯಿ ತೆರೆದು ತೋರಿಸಿ, ನನ್ನ ಮುಖಕ್ಕೆ ಉಗಿದಳು.

"ಮಗಳನ್ನ ಕೊಂದೋಳು ನೀನು. ನನ್ನದನ್ನೂ ಕೊಲ್ಲಕ್ಕೆ ಬಂದವ್ಳೆ."

ನಾನು ಸೆರಗಿನಿಂದ ಒರೆಸಿಕೊಂಡೆ. ಅವಳು ಹೇಳಿದ ಮೊದಲ ಮಾತು ಸುಳ್ಳಲ್ಲ. ಇಳಿಹೊತ್ತಿನಲ್ಲಿ ಆ ಪುಟ್ಟ ಹುಡುಗಿಯ ಬೆರಳು ಸೆಟೆಯುವಾಗ ಚಿಕ್ಕತಾಯಿ ಅರಚಿಕೊಂಡದ್ದು ನನ್ನ ಒಲೆಯ ಮುಂದೆ ಕೇಳಿಸಿತು. ಎದ್ದು ಗೋಡೆಯವರೆಗೆ ಹೋದೆ. ಹೋದರೂ ಮಡಕೆ ಬೋರಲಾಗಿಯೇ ಇತ್ತು. ತನ್ನ ಮನೆಯದನ್ನು ತಾನು ಕಾಯಿಸಬಾರದು ಎಂದು ಯಾಕೆ ಕಟ್ಟು ಮಾಡಿದರೆಂದು ಆಗ ತಿಳಿಯಿತು. ಈ ಕೆಲಸ ತಾಯ ಕೈಯಲ್ಲಿ ಆಗುವುದಲ್ಲ. ಗೋಡೆಯಾಚೆಯ ಕೈ ಬೇಕು, ತುಸು ಜಗಳವಿರುವ ಕೈ.

ಏಳನೆಯ ದಿನ ಅವರ ಮನೆಯಲ್ಲಿ ಐವರೂ ಎದ್ದರು. ಚಿಕ್ಕತಾಯಿ ನನ್ನೊಡನೆ ಮಾತಾಡುವುದಿಲ್ಲ. ಮಡಕೆ ತೆಗೆದುಕೊಳ್ಳುವಾಗ ಮುಖ ತಿರುಗಿಸಿಕೊಳ್ಳುತ್ತಾಳೆ. ನಾನು ಸರಿಮಾಡಲು ಹೋಗಿಲ್ಲ. ಇರಲಿ, ಸಣ್ಣದಾಗಿ, ಆರದ ಹಾಗೆ. ಸಾಕವ್ವ ಈಗ ಬಸುರಿ. ಅವಳು ಹೆರುವುದನ್ನು ನಾನು ಕಾಯಲಿಲ್ಲ. ಹೇಳಬೇಕಾದದ್ದನ್ನೆಲ್ಲ ಹೇಳಿಬಿಟ್ಟಿದ್ದೇನೆ.

ಸಂಕಮ್ಮಕ್ಕ ಮತ್ತೆ ಬೆಳಿಗ್ಗೆ ಮಡಕೆ ಇಡುತ್ತಾಳೆ. ತಿಂಗಳಾದ ಮೇಲೆ ಒಂದು ದಿನ ಗೂಡು ಹೊತ್ತಿಸಿದೆವು. ಅವಳ ಸಂಡಿಗೆ ಬಿಸಿಲಿನಲ್ಲಿತ್ತು. ಬಟ್ಟೆ ಮುಚ್ಚಲು ಯಾರೂ ಗೋಡೆ ಹಾರಲಿಲ್ಲ. ಬೂದಿ ಬೀಳುವುದನ್ನು ಅವಳೂ ನೋಡಿದಳು, ನಾನೂ ನೋಡಿದೆ. ಅವಳು ಬೈಯಲಿಲ್ಲ. ಕೊನೆಗೆ ನಾನೇ ಹೇಳಿದೆ, "ಬೈಯೇ ಸಂಕಮ್ಮಕ್ಕ. ನಿನ್ನ ಕೈ ಮೆತ್ತಗಾದರೆ ನಮಗೆ ಕಷ್ಟ."

ಆ ವರ್ಷ ಕೆಂಗಣ್ಣು ಹನ್ನೊಂದು ಮನೆಗೆ ಬಂತು. ಹನ್ನೊಂದು ಗೋಡೆಯ ಮೇಲೂ ಮಡಕೆ ಬೋರಲಾಯಿತು. ನಲವತ್ತಾರು ಜನ ಕಲ್ಲಾಗಿ ಮಲಗಿದರು, ನಲವತ್ತಾರು ಜನ ಎದ್ದರು. ಇಡೀ ಊರಲ್ಲಿ ಸತ್ತವಳು ಹೊನ್ನಿ ಒಬ್ಬಳೇ.